ಶ್ರುತಿಯ ಬೆನ್ನು ಹತ್ತಿದ ಗಾಯಕ: ಉಸ್ತಾದ್ ಅಬ್ದುಲ್ ಕರೀಂ ಖಾನರ ಬದುಕು

ಕರ್ನಾಟಕದ ಹಿಂದೂಸ್ತಾನಿ ಸಂಗೀತದ ಇತಿಹಾಸವನ್ನು ಬರೆಯಹೊರಡುವವರು ಯಾವ ದಾರಿಯಿಂದ ಹೊರಟರೂ ಒಂದು ಹಂತದಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ಹೆಸರಿನ ಬಳಿ ನಿಲ್ಲಲೇಬೇಕಾಗುತ್ತದೆ. ಕುಂದಗೋಳದ ಸವಾಯಿ ಗಂಧರ್ವರು ಅವರ ಸಾಕ್ಷಾತ್ ಶಿಷ್ಯರು. ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ, ಮುಂಬಯಿಯ ಫಿರೋಜ್ ದಸ್ತೂರ್ ಇವರೆಲ್ಲ ಸವಾಯಿ ಗಂಧರ್ವರ ಮೂಲಕ ಅವರ ಪ್ರಶಿಷ್ಯರು. ಉತ್ತರ ಪ್ರದೇಶದ ಒಂದು ಸಣ್ಣ ಊರಿನ ಹೆಸರು ಹೊತ್ತ ಕಿರಾನಾ ಘರಾಣೆಯು ಧಾರವಾಡ ಸೀಮೆಯ ಮನೆಮಾತಾದುದು ಈ ಒಬ್ಬ ಗಾಯಕನಿಂದ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗರಿಗಂತೂ ಅವರ ಬದುಕಿನ ಭೂಪಟ ಪರಿಚಿತವಾದುದೇ. ಮುಂಬಯಿ, ಪುಣೆ, ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ: ಹಳೆಯ ಮುಂಬಯಿ ಪ್ರಾಂತದ ಈ ರೈಲುದಾರಿಯಲ್ಲಿಯೇ ಅವರ ಸಂಗೀತವೂ ಸಂಚರಿಸಿತು.

ಖಾನರ ಗಾಯನದ ಮಾಧುರ್ಯವನ್ನು ಕುರಿತು ಸಾಕಷ್ಟು ಬರೆಯಲಾಗಿದೆ. ಆದರೆ ಅವರ ಬದುಕಿನ ಇನ್ನೊಂದು ಮುಖ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ನಮ್ಮ ಸಂಗೀತದ ಸ್ವರಗಳು ನಿಶ್ಚಿತವಾಗಿ ಎಲ್ಲಿ ನಿಲ್ಲುತ್ತವೆ, ಅವುಗಳನ್ನು ಗಣಿತದಿಂದ ಅಳೆಯಬಹುದೆ, ಅಳೆದುದನ್ನು ವಾದ್ಯವೊಂದರಲ್ಲಿ ಕಟ್ಟಿ ನಿಲ್ಲಿಸಬಹುದೆ ಎಂಬ ಪ್ರಶ್ನೆಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎದ್ದಾಗ, ಅವುಗಳಿಗೆ ತಮ್ಮ ಕಂಠವನ್ನೇ ಪರೀಕ್ಷೆಯ ಸಾಧನವಾಗಿ ಒಡ್ಡಿದವರು ಅಬ್ದುಲ್ ಕರೀಂ ಖಾನರು. ಮನೆತನದ ವಿದ್ಯೆಯನ್ನು ಗುಟ್ಟಾಗಿ ಕಾಪಾಡಿಕೊಂಡು ಬರುವುದೇ ಧರ್ಮವೆಂದು ಬಹುಮಂದಿ ಉಸ್ತಾದರು ನಂಬಿದ್ದ ಕಾಲವದು. ಅಂಥ ಕಾಲದಲ್ಲಿ ಅವರು ಈ ಕೆಲಸಕ್ಕೆ ಒಪ್ಪಿದ್ದು ಏಕೆ, ಅದರಿಂದ ದೊರೆತುದೇನು, ದೊರೆಯದೆ ಹೋದುದೇನು ಎಂಬುದನ್ನು ಅವರ ಜೀವನದ ಹಿನ್ನೆಲೆಯಲ್ಲಿ ನೋಡುವುದು ಈ ಲೇಖನದ ಉದ್ದೇಶ.

1

ಅಬ್ದುಲ್ ಕರೀಂ ಖಾನರು ಹುಟ್ಟಿದ್ದು 1872ರ ನವೆಂಬರ್ 11ರಂದು, ಇಂದಿನ ಉತ್ತರ ಪ್ರದೇಶದ ಪಶ್ಚಿಮ ಭಾಗದಲ್ಲಿರುವ ಕೈರಾನಾದಲ್ಲಿ. ತಂದೆ ಕಾಲೇ ಖಾನ್. ಚಿಕ್ಕಪ್ಪಂದಿರು ಅಬ್ದುಲ್ಲಾ ಖಾನ್ ಮತ್ತು ನನ್ಹೇ ಖಾನ್. ಈ ಮೂವರಿಂದಲೂ ಬಾಲಕನಿಗೆ ಪಾಠವಾಯಿತು. ಸಾರಂಗಿ, ಬೀನ್, ಸಿತಾರ್, ತಬಲಾಗಳಲ್ಲಿಯೂ ಅವರು ಪರಿಶ್ರಮ ಪಡೆದರು. ಮೊದಲಿಗೆ ಸಾರಂಗಿ ನುಡಿಸುತ್ತಿದ್ದ ಅವರು, ಸಾರಂಗಿವಾದಕರನ್ನು ಸಮಾಜ ಕೀಳಾಗಿ ಕಾಣುತ್ತಿದ್ದುದರಿಂದ ಬೇಸತ್ತು ಗಾಯನಕ್ಕೆ ತಿರುಗಿದರೆಂಬ ಮಾತು ಪ್ರಚಲಿತವಾಗಿದೆ.

ಈ ವಿವರ ನಮ್ಮ ವಿಷಯಕ್ಕೆ ಮುಖ್ಯವಾದುದು. ಸಾರಂಗಿಗೆ ಮೆಟ್ಟಿಲುಗಳಿಲ್ಲ. ಬೆರಳಿನ ಉಗುರಂಚು ತಂತಿಯ ಮೇಲೆ ಕೂದಲೆಳೆಯಷ್ಟು ಸರಿದರೂ ಸ್ವರ ಬದಲಾಗುತ್ತದೆ. ಸ್ವರಸ್ಥಾನವನ್ನು ಕಿವಿಯೊಂದೇ ನಿರ್ಧರಿಸಬೇಕು. ಬೀನಿಗೆ ಮೆಟ್ಟಿಲುಗಳಿದ್ದರೂ ತಂತಿಯನ್ನು ಪಕ್ಕಕ್ಕೆ ಎಳೆದು ಮೀಂಡ್ ತೆಗೆಯುವುದೇ ಅದರ ಜೀವಾಳ. ಈ ಎರಡು ವಾದ್ಯಗಳ ಸಹವಾಸದಿಂದ ಬಂದ ಗಾಯಕನಿಗೆ ಸ್ವರವೆಂಬುದು ಒಂದು ಬಿಂದುವಾಗಿರದೆ, ಬಿಂದುವೊಂದರ ಸುತ್ತ ಹರಡಿದ ಸಣ್ಣ ಪ್ರದೇಶವಾಗಿ ಕಂಡಿದ್ದರೆ ಅದು ಸಹಜ. ಮುಂದೆ ಅವರ ಆಲಾಪದಲ್ಲಿ ಕಂಡುಬಂದ ವಿಲಂಬ ನಡೆ, ಒಂದೊಂದೇ ಸ್ವರದ ಮೇಲೆ ನಿಂತು ಅದನ್ನು ಬೆಳಗಿಸುವ ಕ್ರಮ, ಇವುಗಳ ಮೂಲ ಇಲ್ಲಿದೆ ಎನ್ನಬಹುದು.

ಅಣ್ಣತಮ್ಮಂದಿರಾದ ಅಬ್ದುಲ್ ಕರೀಂ ಮತ್ತು ಅಬ್ದುಲ್ ಹಕ್ ಜೊತೆಯಾಗಿ ಹಾಡುತ್ತ ಬಡೋದೆಗೆ ಬಂದರು. ಸಯಾಜಿರಾವ್ ಗಾಯಕವಾಡರ ಆಸ್ಥಾನದಲ್ಲಿ ಅವರಿಗೆ ಆಶ್ರಯ ದೊರೆಯಿತು. ಅಲ್ಲಿ ರಾಜಮನೆತನದ ಬಂಧುವರ್ಗಕ್ಕೆ ಸೇರಿದ ಸರದಾರ ಮಾರುತಿರಾವ್ ಮಾನೆಯವರ ಮಗಳು ತಾರಾಬಾಯಿ ಅವರ ಬಳಿ ಸಂಗೀತ ಕಲಿತರು. ಗುರುಶಿಷ್ಯೆಯರ ನಡುವೆ ಪ್ರೀತಿ ಬೆಳೆಯಿತು. ಧರ್ಮ, ಅಂತಸ್ತು ಎರಡೂ ಬೇರೆಯಾಗಿದ್ದ ಈ ಸಂಬಂಧವನ್ನು ಆಸ್ಥಾನ ಸಹಿಸುವಂತಿರಲಿಲ್ಲ. ಇಬ್ಬರೂ ಬಡೋದೆಯನ್ನು ಬಿಟ್ಟು ಮುಂಬಯಿಗೆ ಬಂದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳವು. ಪ್ಲೇಗು ಪಶ್ಚಿಮ ಭಾರತವನ್ನು ತಲ್ಲಣಗೊಳಿಸಿತ್ತು. ದಂಪತಿಗಳು ಕೊನೆಗೆ ಮಿರಜದಲ್ಲಿ ನೆಲೆ ಕಂಡರು. ಅಲ್ಲಿನ ಮೀರಾಸಾಹೇಬರ ದರ್ಗಾದಲ್ಲಿ ಸೇವೆ ಸಲ್ಲಿಸಿದ ಮೇಲೆ ಖಾನರು ಪ್ಲೇಗಿನಿಂದ ಗುಣಮುಖರಾದರೆಂಬ ನಂಬಿಕೆ ಆ ಊರಿನಲ್ಲಿದೆ. ಆ ದರ್ಗಾದೊಂದಿಗಿನ ಅವರ ನಂಟು ಕೊನೆಯವರೆಗೂ ಉಳಿಯಿತು.

ಮಿರಜವು ತಂಬೂರಿ, ಸಿತಾರ್ ತಯಾರಕರ ಊರು. ವಾದ್ಯ ದುರಸ್ತಿಯಲ್ಲಿ ಖಾನರು ಸ್ವತಃ ನಿಪುಣರಾಗಿದ್ದರು. ತಂಬೂರಿಯ ಜವಾರಿಯನ್ನು ತಿದ್ದಿ, ತಂತಿ ಮತ್ತು ಸೇತುವೆಯ ನಡುವೆ ಎಳೆಯನ್ನು ಸರಿಸುತ್ತ ನಾದವನ್ನು ತೆರೆಯುವುದು ಅವರಿಗೆ ಹಾಡುಗಾರಿಕೆಯಷ್ಟೇ ಪ್ರಿಯವಾದ ಕೆಲಸವಾಗಿತ್ತು. ಸರಿಯಾಗಿ ಶ್ರುತಿಗೂಡಿದ ತಂಬೂರಿಯ ಷಡ್ಜದ ತಂತಿಯನ್ನು ಮೀಟಿದಾಗ ಷಡ್ಜದೊಡನೆ ಗಾಂಧಾರವೂ ಮೆಲ್ಲಗೆ ಕೇಳಿಬರುತ್ತದೆ. ಯಾರೂ ನುಡಿಸದೆ ತಾನಾಗಿಯೇ ಹುಟ್ಟುವ ಈ ಸ್ವರವನ್ನು ನಮ್ಮವರು ಸ್ವಯಂಭೂ ಗಾಂಧಾರವೆಂದು ಕರೆದರು. ಬಾಗಿದ ಮೇಲ್ಮೈಯುಳ್ಳ ಸೇತುವೆಯ ಕಾರಣದಿಂದ ನಮ್ಮ ತಂಬೂರಿ ಮತ್ತು ವೀಣೆಗಳು ಇಂಥ ಉಪಸ್ವರಗಳನ್ನು ಅಸಾಧಾರಣ ಸಮೃದ್ಧಿಯಿಂದ ಹೊಮ್ಮಿಸುತ್ತವೆ ಎಂಬುದನ್ನು 1921ರಲ್ಲಿ ಸಿ. ವಿ. ರಾಮನ್ನರು ಭೌತವಿಜ್ಞಾನದ ನೆಲೆಯಲ್ಲಿ ತೋರಿಸಿಕೊಟ್ಟರು. ಖಾನರಿಗೆ ಅದು ಕಿವಿಯ ಅನುಭವದಿಂದ ತಿಳಿದ ಸತ್ಯವಾಗಿತ್ತು.

2

ಮಿರಜದಿಂದ ದಕ್ಷಿಣಕ್ಕೆ ಹೊರಟರೆ ಮೊದಲು ಸಿಗುವುದು ಕನ್ನಡ ನಾಡು. ಮೈಸೂರು ಆಸ್ಥಾನದ ಆಹ್ವಾನದ ಮೇಲೆ ಖಾನರು ಮತ್ತೆ ಮತ್ತೆ ಮೈಸೂರಿಗೆ ಹೋಗುತ್ತಿದ್ದರು. ದಾರಿಯಲ್ಲಿ ಧಾರವಾಡದಲ್ಲಿ ಸಹೋದರನ ಮನೆಯಲ್ಲಿ ತಂಗುವುದು ವಾಡಿಕೆ. ಮೈಸೂರು ಅವರಿಗೆ ಸಂಗೀತರತ್ನ ಎಂಬ ಬಿರುದನ್ನಿತ್ತು ಗೌರವಿಸಿತು. ವೀಣೆ ಶೇಷಣ್ಣನವರಂತಹ ವೈಣಿಕರಿದ್ದ ಆ ಆಸ್ಥಾನದಲ್ಲಿ ಅವರು ಕರ್ನಾಟಕ ಸಂಗೀತವನ್ನು ಕುತೂಹಲಕ್ಕಾಗಿ ಕೇಳಲಿಲ್ಲ, ಕಲಿಯುವುದಕ್ಕಾಗಿ ಕೇಳಿದರು. ಕರ್ನಾಟಕ ಪದ್ಧತಿಯನ್ನು ಗಂಭೀರವಾಗಿ ಅಭ್ಯಾಸ ಮಾಡಿದ ಮೊದಲ ಹಿಂದೂಸ್ತಾನಿ ಗಾಯಕರಲ್ಲಿ ಅವರೊಬ್ಬರು. ಖರಹರಪ್ರಿಯ ರಾಗದ ತ್ಯಾಗರಾಜ ಕೃತಿಯೊಂದನ್ನು ಅವರು ಧ್ವನಿಮುದ್ರಿಸಿದ್ದಾರೆ, ಸಾವೇರಿಯಲ್ಲಿಯೂ ಹಾಡಿದ್ದಾರೆ. ಅವರ ಗಾಯನದಲ್ಲಿ ಸರಗಮ್ ಪಡೆದ ಸ್ಥಾನಕ್ಕೆ ದಕ್ಷಿಣದ ಸ್ವರಕಲ್ಪನೆಯೇ ಪ್ರೇರಣೆ ಎಂಬುದು ಬಲ್ಲವರ ಅಭಿಪ್ರಾಯ.

ಧಾರವಾಡದಲ್ಲಿ ಅವರು ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರ ಮನೆಗೆ ಹೋಗಿ ಕರ್ನಾಟಕ ಸಂಗೀತ ಕೇಳುತ್ತಿದ್ದರೆಂಬುದನ್ನು ಗಂಗೂಬಾಯಿಯವರು ಮುಂದೆ ನೆನೆದುಕೊಂಡಿದ್ದಾರೆ. ತಮಗಿಂತ ಕಿರಿಯಳಾದ, ಕೀರ್ತಿಯಲ್ಲಿ ತಮಗೆ ಸಮಳಲ್ಲದ ಗಾಯಕಿಯೊಬ್ಬಳ ಎದುರು ಶ್ರೋತೃವಾಗಿ ಕುಳಿತುಕೊಳ್ಳುವ ವಿನಯ ಆ ಉಸ್ತಾದರಿಗಿತ್ತು. ಕುಂದಗೋಳದ ರಾಮಚಂದ್ರ ಎಂಬ ಹುಡುಗ ಅವರ ಶಿಷ್ಯನಾದುದೂ ಈ ಪ್ರಯಾಣಗಳ ಫಲವೇ. 1886ರಲ್ಲಿ ಹುಟ್ಟಿದ ಈ ಹುಡುಗ ಗುರುವಿನ ಬಳಿ ವರ್ಷಗಟ್ಟಲೆ ಕಠಿಣ ಸಾಧನೆ ಮಾಡಿ, ಆಮೇಲೆ ಮರಾಠಿ ರಂಗಭೂಮಿಯಲ್ಲಿ ಹೆಸರು ಗಳಿಸಿ, ಸವಾಯಿ ಗಂಧರ್ವರಾದರು. ಮಗುವಿನ ಕೋಮಲ ಕಂಠ ಪ್ರಾಯಕ್ಕೆ ಬಂದಾಗ ಒಡೆದು ಒರಟಾದರೂ, ಶ್ರುತಿಶುದ್ಧಿಯೊಂದನ್ನೇ ಹಿಡಿದು ಸಾಧಿಸಿದರೆ ಅದು ಸಂಗೀತಕ್ಕೆ ಒದಗುತ್ತದೆ ಎಂಬುದಕ್ಕೆ ಸವಾಯಿ ಗಂಧರ್ವರ ಸಾಧನೆ ಸಾಕ್ಷಿಯಾಯಿತು.

3

ಇಷ್ಟು ಹೊತ್ತಿಗೆ ನಮ್ಮ ಸಂಗೀತದ ಮನೆಗೆ ಹೊಸ ಅತಿಥಿಯೊಬ್ಬ ಬಂದು ಕುಳಿತಿದ್ದ. ಅದು ಹಾರ್ಮೋನಿಯಂ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪ್ಯಾರಿಸ್ಸಿನಲ್ಲಿ ರೂಪುಗೊಂಡ ಈ ವಾದ್ಯವನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷರು 1875ರ ಸುಮಾರಿಗೆ ಕೈಯಿಂದ ತಿದಿಯೊತ್ತುವಂತೆ ಮಾರ್ಪಡಿಸಿದರು. ನೆಲದ ಮೇಲೆ ಕುಳಿತು ನುಡಿಸಬಹುದಾದ, ಬಿಸಿಲು ಮಳೆಗೆ ಹೆದರದ, ಪದೇ ಪದೇ ಶ್ರುತಿ ಕೂಡಿಸಬೇಕಿಲ್ಲದ ಈ ಪೆಟ್ಟಿಗೆಯು ಮರಾಠಿ ಸಂಗೀತ ನಾಟಕಗಳಲ್ಲಿಯೂ ಕನ್ನಡ ನಾಟಕ ಕಂಪನಿಗಳಲ್ಲಿಯೂ ಬಹುಬೇಗ ಬೇರೂರಿತು. ಉತ್ತರ ಕರ್ನಾಟಕದ ಜನ ಅದನ್ನು ಪೇಟಿ ಎಂದು ಕರೆದು ತಮ್ಮದಾಗಿಸಿಕೊಂಡರು.

ಈ ಪೇಟಿಯ ಸ್ವರಗಳಿಗೂ ತಂಬೂರಿಯ ಸ್ವರಗಳಿಗೂ ಒಂದು ಸೂಕ್ಷ್ಮವಾದ ಜಗಳವಿದೆ. ಅದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಷಡ್ಜವು ಸೆಕೆಂಡಿಗೆ 240 ಕಂಪನಗಳದ್ದೆಂದು ಇಟ್ಟುಕೊಳ್ಳೋಣ. ಅದಕ್ಕೆ 3:2ರ ಅನುಪಾತದಲ್ಲಿರುವ ಪಂಚಮ 360, 4:3ರ ಮಧ್ಯಮ 320, 5:4ರ ಶುದ್ಧ ಗಾಂಧಾರ, ಅಂದರೆ ಕರ್ನಾಟಕ ಪದ್ಧತಿಯ ಅಂತರ ಗಾಂಧಾರ, 300. ಹೀಗೆ ಸಣ್ಣ ಪೂರ್ಣಾಂಕಗಳ ಅನುಪಾತದಲ್ಲಿ ಹೊಂದಿಕೊಳ್ಳುವ ಸ್ವರಗಳ ಏರ್ಪಾಟು ಸಹಜ ಸ್ವರಶ್ರೇಣಿ. ಆದರೆ ಈ ಅನುಪಾತಗಳು ಒಂದಕ್ಕೊಂದು ಕೂಡಿ ವರ್ತುಲವಾಗುವುದಿಲ್ಲ. ಪಂಚಮದ ಮೇಲೆ ಪಂಚಮವಿಡುತ್ತ ಹನ್ನೆರಡು ಮೆಟ್ಟಿಲು ಏರಿದರೆ ಏಳನೆಯ ಸ್ಥಾಯಿಯ ಷಡ್ಜಕ್ಕೆ ಬರಬೇಕಾದವರು ಅದನ್ನು ತುಸು ದಾಟಿ ನಿಲ್ಲುತ್ತೇವೆ. ಈ ಹೆಚ್ಚುವರಿಯನ್ನು ಹನ್ನೆರಡು ಪಂಚಮಗಳಿಗೂ ಸಮನಾಗಿ ಹಂಚಿ, ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡುವುದು ಪಾಶ್ಚಾತ್ಯರು ಕಂಡುಕೊಂಡ ಪರಿಹಾರ. ಪಿಯಾನೋ, ಹಾರ್ಮೋನಿಯಂಗಳ ಈ ಸಮವಿಭಕ್ತ ಶ್ರೇಣಿಯಲ್ಲಿ ಯಾವ ಕೀಲಿಯನ್ನಾದರೂ ಷಡ್ಜವೆಂದು ಹಿಡಿಯಬಹುದು. ಆ ಅನುಕೂಲಕ್ಕೆ ತೆತ್ತ ಬೆಲೆಯೆಂದರೆ, ಸ್ಥಾಯಿಯನ್ನುಳಿದು ಮತ್ತಾವ ಸ್ವರವೂ ಪೂರ್ತಿ ಶುದ್ಧವಾಗಿ ಉಳಿಯುವುದಿಲ್ಲ.

ಈ ವ್ಯತ್ಯಾಸವನ್ನು ಅಳೆಯಲು ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್ 1885ರಲ್ಲಿ ಸ್ಥಾಯಿಯನ್ನು 1200 ಸೆಂಟ್‌ಗಳಾಗಿ ವಿಭಾಗಿಸಿದರು. ಆ ಲೆಕ್ಕದಲ್ಲಿ ಶುದ್ಧ ಪಂಚಮ 702, ಹಾರ್ಮೋನಿಯಂ ಪಂಚಮ 700. ಈ ಎರಡು ಸೆಂಟ್‌ಗಳನ್ನು ಕಿವಿ ಕ್ಷಮಿಸುತ್ತದೆ. ಆದರೆ ಶುದ್ಧ ಗಾಂಧಾರ 386, ಹಾರ್ಮೋನಿಯಂ ಗಾಂಧಾರ 400. ಷಡ್ಜ 240 ಇದ್ದಲ್ಲಿ ಪೇಟಿಯ ಗಾಂಧಾರ 300ಕ್ಕೆ ಬದಲಾಗಿ ಸುಮಾರು 302.4 ಆಗುತ್ತದೆ. ಷಡ್ಜದ ಐದನೆಯ ಉಪಸ್ವರವೂ ಗಾಂಧಾರದ ನಾಲ್ಕನೆಯ ಉಪಸ್ವರವೂ ಒಂದೇ ಕಡೆ ಸೇರಬೇಕಾದಲ್ಲಿ ಸೇರದೆ, ಸೆಕೆಂಡಿಗೆ ಒಂಬತ್ತಕ್ಕೂ ಹೆಚ್ಚು ವಿಸ್ಪಂದಗಳು ಹುಟ್ಟಿ ನಾದ ನಡುಗುತ್ತದೆ. ತಂಬೂರಿಯಿಂದ ಸ್ವಯಂಭೂ ಗಾಂಧಾರ ಹೊಮ್ಮುತ್ತಿರುವಾಗ ಪಕ್ಕದಲ್ಲಿ ಪೇಟಿಯ ಗಾಂಧಾರ ಕೂಗಿದರೆ ಆಗುವ ಕಿರಿಕಿರಿಗೆ ಕಾರಣ ಇದು. ಗಾಯಕನ ಕಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಕೋಮಲ ಗಾಂಧಾರಕ್ಕೆ 294 ಮತ್ತು 316 ಎಂಬ ಎರಡು ನೆಲೆಗಳನ್ನು ಶಾಸ್ತ್ರಕಾರರು ಗಣಿಸುತ್ತಾರೆ, ಪೇಟಿಯದು 300. ತೀವ್ರತರವಾದ ಇನ್ನೊಂದು ಗಾಂಧಾರ 408ರಲ್ಲಿದೆ. ಪೇಟಿಯ 400 ಅದೂ ಅಲ್ಲ, 386 ಕೂಡ ಅಲ್ಲ. ಎರಡು ಮನೆಗಳ ನಡುವಿನ ಬೀದಿಯಲ್ಲಿ ನಿಂತ ಸ್ವರವದು.

ಸ್ಥಿರಸ್ಥಾನದ ವಾದ್ಯಗಳಲ್ಲಿ ಇಂಥ ರಾಜಿ ಹೊಸದೇನಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ವಿಜಯನಗರದಲ್ಲಿ 1550ರಲ್ಲಿ ಸ್ವರಮೇಳಕಲಾನಿಧಿಯನ್ನು ರಚಿಸಿದ ರಾಮಾಮಾತ್ಯನು ವೀಣೆಯ ಮೆಟ್ಟಿಲುಗಳನ್ನು ಕೂಡಿಸುವಾಗ ಇದೇ ತೊಡಕನ್ನು ಎದುರಿಸಿದ. ಅಂತರ ಗಾಂಧಾರಕ್ಕೆ ಬೇರೊಂದು ಮೆಟ್ಟಿಲು ಹಾಕದೆ, ಅದರ ಸಮೀಪದ ಚ್ಯುತಮಧ್ಯಮ ಗಾಂಧಾರವೇ ಅದನ್ನು ಪ್ರತಿನಿಧಿಸಲಿ ಎಂದು ಆತ ಒಪ್ಪಿಕೊಂಡ. ಕಾಕಲಿ ನಿಷಾದಕ್ಕೂ ಅದೇ ವ್ಯವಸ್ಥೆ. ಆದರೆ ವೀಣೆಯಲ್ಲಿ ತಂತಿಯನ್ನೆಳೆದು ಕೊರತೆ ತುಂಬಬಹುದು. ಪೇಟಿಯ ಲೋಹದ ನಾಲಗೆಯನ್ನು ನುಡಿಸುವವನು ಎಳೆಯಲಾರ.

4

ಮಿರಜದ ನೆರೆಯ ಊರಾದ ಸಾಂಗಲಿಯಲ್ಲಿ ಕೃಷ್ಣಾಜಿ ಬಲ್ಲಾಳ ದೇವಲ್ ಎಂಬ ನಿವೃತ್ತ ಡೆಪ್ಯುಟಿ ಕಲೆಕ್ಟರರು ಈ ಸಮಸ್ಯೆಯನ್ನು ಕೈಗೆತ್ತಿಕೊಂಡಿದ್ದರು. ಭರತನ ನಾಟ್ಯಶಾಸ್ತ್ರ ಹೇಳುವ ಇಪ್ಪತ್ತೆರಡು ಶ್ರುತಿಗಳು ಬರಿಯ ಗ್ರಂಥಸ್ಥ ಮಾತುಗಳಲ್ಲ, ಒಳ್ಳೆಯ ಗಾಯಕರ ಕಂಠದಲ್ಲಿ ಇಂದಿಗೂ ಜೀವಂತವಾಗಿವೆ ಎಂಬುದು ಅವರ ನಂಬಿಕೆ. ಅದನ್ನು ಸಿದ್ಧಪಡಿಸಲು ಅವರಿಗೆ ಎರಡು ಬೇಕಾಗಿದ್ದವು: ಉದ್ದವನ್ನು ಅಳೆಯಬಹುದಾದ ಒಂದು ತಂತಿ, ಮತ್ತು ಸುಳ್ಳು ಹೇಳದ ಒಂದು ಕಂಠ. ಆ ಕಂಠ ಅಬ್ದುಲ್ ಕರೀಂ ಖಾನರದಾಯಿತು. ಖಾನರು ರಾಗವನ್ನು ಹಾಡಿ ಸ್ವರದ ಮೇಲೆ ನಿಲ್ಲಬೇಕು. ದೇವಲ್ಲರು ಆ ಸ್ವರಕ್ಕೆ ತಂತಿಯನ್ನು ಹೊಂದಿಸಿ ಉದ್ದ ಅಳೆದು ಅನುಪಾತ ಕಂಡುಹಿಡಿಯಬೇಕು. ಇದರ ಫಲವಾಗಿ 1910ರಲ್ಲಿ ಹಿಂದೂ ಸ್ವರಶ್ರೇಣಿ ಮತ್ತು ಇಪ್ಪತ್ತೆರಡು ಶ್ರುತಿಗಳನ್ನು ಕುರಿತ ದೇವಲ್ಲರ ಇಂಗ್ಲಿಷ್ ಪುಸ್ತಕ ಪುಣೆಯಲ್ಲಿ ಪ್ರಕಟವಾಯಿತು. ಐ.ಸಿ.ಎಸ್. ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್ ಈ ಕಾರ್ಯದಲ್ಲಿ ಜೊತೆಗೂಡಿದರು. 1913ರಲ್ಲಿ ಭಾರತೀಯ ಸಂಗೀತವನ್ನು ಪರಿಚಯಿಸುವ ಅವರ ಗ್ರಂಥವೂ ಹೊರಬಂತು. ಲಂಡನ್ನಿನ ಮೂರ್ ಎಂಬ ತಯಾರಕರು ಇವರಿಗಾಗಿ ಸಹಜ ಸ್ವರಗಳನ್ನು ನುಡಿಸುವ ಶ್ರುತಿ ಹಾರ್ಮೋನಿಯಂ ಒಂದನ್ನು ನಿರ್ಮಿಸಿದರು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಆ ಮೊದಲೇ ಸ್ಥಾಯಿಗೆ 24 ಸ್ವರಗಳುಳ್ಳ ಎರಡು ಹಲಗೆಯ ಹಾರ್ಮೋನಿಯಂ ಮಾಡಿಸಿದ್ದುದು ಇದಕ್ಕೆ ಪೂರ್ವನಿದರ್ಶನ.

ಈ ಪ್ರಯೋಗದಲ್ಲಿ ಖಾನರ ಪಾತ್ರವನ್ನು ಹಗುರವಾಗಿ ಕಾಣಬಾರದು. ಗಾಯಕನೊಬ್ಬ ಮೆಹಫಿಲಿನಲ್ಲಿ ಹಾಡುವುದು ಬೇರೆ, ಅಳತೆಗಾಗಿ ಒಂದೇ ಸ್ವರವನ್ನು ಮತ್ತೆ ಮತ್ತೆ ಅದೇ ನೆಲೆಯಲ್ಲಿ ನಿಲ್ಲಿಸಿ ತೋರಿಸುವುದು ಬೇರೆ. ಎರಡನೆಯದರಲ್ಲಿ ಸೋತರೆ ಹೆಸರು ಕೆಡುತ್ತದೆ. ಗೆದ್ದರೆ ಕೀರ್ತಿ ಪುಸ್ತಕ ಬರೆದವರಿಗೆ ಹೋಗುತ್ತದೆ. ಇಂಗ್ಲಿಷ್ ವಿದ್ಯಾಭ್ಯಾಸವುಳ್ಳ ಅಧಿಕಾರಿಗಳು ಅಳೆಯುವವರಾಗಿ, ಪರಂಪರೆಯ ಉಸ್ತಾದರು ಅಳೆಸಿಕೊಳ್ಳುವವರಾಗಿ ನಿಂತ ಸನ್ನಿವೇಶವದು. ಆದರೂ ಖಾನರು ಹಿಂಜರಿಯಲಿಲ್ಲ. ತಮ್ಮ ಕಿವಿ ಒಪ್ಪುವುದು ಕೇವಲ ಅಭ್ಯಾಸಬಲವಲ್ಲ, ಅದಕ್ಕೊಂದು ನಿಯಮವಿದೆ ಎಂಬ ವಿಶ್ವಾಸ ಅವರಿಗಿದ್ದಿರಬೇಕು.

1916ರಲ್ಲಿ ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನ ನಡೆದುದು ಬಡೋದೆಯಲ್ಲಿ, ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ. ಪ್ರೇಮದ ಕಾರಣದಿಂದ ಖಾನರು ತೊರೆದುಹೋಗಬೇಕಾಗಿ ಬಂದಿದ್ದ ಅದೇ ಊರಿನಲ್ಲಿ, ಅವರ ಕಂಠದ ಆಧಾರದ ಮೇಲೆ ನಿಂತ ಸಿದ್ಧಾಂತ ವಿದ್ವಾಂಸರ ಮುಂದೆ ಬಂತು. ಶ್ರುತಿ ಹಾರ್ಮೋನಿಯಂ ಕುರಿತು ಅಲ್ಲಿ ಬಿಸಿಯಾದ ಚರ್ಚೆ ನಡೆಯಿತು. ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು ಅದನ್ನು ಒಪ್ಪಲಿಲ್ಲ. ಹನ್ನೆರಡು ಸ್ವರಸ್ಥಾನಗಳ ಮೇಲೆ ಹತ್ತು ಥಾಟುಗಳನ್ನೂ ಅವುಗಳೊಳಗೆ ರಾಗಗಳನ್ನೂ ವರ್ಗೀಕರಿಸಿದ್ದ ಅವರಿಗೆ, ಪ್ರತಿ ರಾಗಕ್ಕೂ ಶ್ರುತಿಗಳನ್ನು ಸಂಖ್ಯೆಯಲ್ಲಿ ಗೊತ್ತುಮಾಡುವುದು ಪ್ರಾಚೀನ ಗ್ರಂಥಗಳಿಗೂ ಹೊಂದದ, ಪ್ರಚಲಿತ ಗಾಯನಕ್ಕೂ ಹೊಂದದ ಕೆಲಸವಾಗಿ ತೋರಿತು.

ವಾದ್ಯದಲ್ಲಿಯೇ ತೊಡಕುಗಳಿದ್ದವು. ಸಹಜ ಸ್ವರಗಳನ್ನು ಒಂದು ನಿಶ್ಚಿತ ಷಡ್ಜಕ್ಕೆ ಕಟ್ಟಿದರೆ ಆ ಷಡ್ಜವನ್ನು ಬದಲಿಸುವಂತಿಲ್ಲ. ರಿಷಭವನ್ನು ಹೊಸ ಷಡ್ಜವೆಂದು ಹಿಡಿದರೆ ಅದಕ್ಕೆ ಪಂಚಮವಾಗಬೇಕಾದ ಧೈವತ 906 ಸೆಂಟ್‌ನಲ್ಲಿರಬೇಕು. 5:3ರ ಧೈವತವಿರುವುದು 884ರಲ್ಲಿ. ಎಲ್ಲ ಗಾಯಕರ ಎತ್ತರಕ್ಕೂ ಹೊಂದುವಂತೆ ಮಾಡಹೊರಟರೆ ಕೀಲಿಗಳು ಹೆಚ್ಚುತ್ತ ಹೋಗಿ ವಾದ್ಯ ನುಡಿಸಲಾಗದಂತಾಗುತ್ತದೆ. ಇದಕ್ಕಿಂತ ಮುಖ್ಯವಾದುದು ರಾಗದ ಸ್ವಭಾವ. ದರಬಾರಿಯ ಕೋಮಲ ಗಾಂಧಾರ ನಿಲ್ಲುವ ಸ್ವರವಲ್ಲ, ತೂಗುವ ಸ್ವರ. ಅದರ ತೂಗಾಟದ ಯಾವ ಕ್ಷಣವನ್ನು ಅಳೆದು ಕೀಲಿಗೆ ಕೊಡುವುದು? ಶ್ರುತಿ ಹಾರ್ಮೋನಿಯಂ ಪ್ರದರ್ಶನಗಳಾಚೆಗೆ ಬಾಳಲಿಲ್ಲ.

5

ಕನ್ನಡ ಛಂದಸ್ಸನ್ನು ಅಭ್ಯಾಸ ಮಾಡಿದವರಿಗೆ ಈ ಪರಿಸ್ಥಿತಿ ಅಪರಿಚಿತವಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮನು ಛಂದೋಂಬುಧಿಯಲ್ಲಿ ತ್ರಿಪದಿಯೇ ಮೊದಲಾದ ಕರ್ಣಾಟಕ ವಿಷಯಜಾತಿಗಳಿಗೆ ಬ್ರಹ್ಮ, ವಿಷ್ಣು, ರುದ್ರ ಎಂಬ ಅಂಶಗಣಗಳನ್ನು ಹೇಳಿದನಷ್ಟೆ. ಅಂಶವೆಂಬುದು ಮಾತ್ರೆಯಂತೆ ಎಣಿಕೆಗೆ ಕಟ್ಟುಬಿದ್ದುದಲ್ಲ. ಒಂದೇ ವಿಷ್ಣುಗಣ ಅಕ್ಷರಗಳ ಲೆಕ್ಕದಲ್ಲಿ ಹಲವು ರೂಪ ತಾಳುತ್ತದೆ. ಬೀಸುವಾಗ, ಕುಟ್ಟುವಾಗ ಹಾಡುವ ಹೆಣ್ಣುಮಗಳು ದನಿಯನ್ನು ಎಳೆದೋ ಒತ್ತಿಯೋ ಅದನ್ನು ಸರಿದೂಗಿಸುತ್ತಾಳೆ. ಕಾಗದದ ಮೇಲೆ ಲಘು ಗುರು ಹಾಕಿ ತ್ರಿಪದಿಯನ್ನು ಮಾತ್ರಾಗಣಕ್ಕೆ ಒಗ್ಗಿಸಿದಾಗ ಲೆಕ್ಕವೇನೋ ನಿಲುಕುತ್ತದೆ, ಆ ಎಳೆತ ಮಾತ್ರ ಕೈತಪ್ಪುತ್ತದೆ. ಹಾಗೆಂದು ಪ್ರಸ್ತಾರ ಹಾಕುವುದು ವ್ಯರ್ಥವೆ? ಅಲ್ಲ. ಹಾಡಿನಲ್ಲಿ ಹೆಚ್ಚು ಕಡಿಮೆಯಾದುದು ಏನೆಂದು ತಿಳಿಯಲು ನಮಗೊಂದು ಅಳತೆಗೋಲು ಬೇಕೇ ಬೇಕು. ಶ್ರುತಿಯ ಅನುಪಾತಗಳಿಗೂ ಇದೇ ಮಾತು ಸಲ್ಲುತ್ತದೆ. ಅವು ಸ್ವರದ ಗೊತ್ತುಗಳನ್ನು ತೋರಿಸುತ್ತವೆ. ಆ ಗೊತ್ತುಗಳ ನಡುವೆ ಗಾಯಕ ನಡೆಯುವ ಬಗೆಯನ್ನು ಅವು ಹೇಳಲಾರವು.

1963ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಎ. ಡಬ್ಲ್ಯು. ಸ್ಟೋನ್ ಯಂತ್ರಗಳ ಸಹಾಯದಿಂದ ಹಿಂದೂಸ್ತಾನಿ ಕಲಾವಿದರ ಸ್ವರಗಳನ್ನು ಅಳೆದಾಗ, ಒಂದೇ ಸ್ವರ ಕಲಾವಿದನಿಂದ ಕಲಾವಿದನಿಗೆ ಮಾತ್ರವಲ್ಲ, ಒಬ್ಬನೇ ಕಲಾವಿದನ ಪ್ರಸ್ತುತಿಯಲ್ಲಿಯೂ ಸ್ಥಾನ ಬದಲಿಸುವುದು ಕಂಡುಬಂತು. ಇಪ್ಪತ್ತೆರಡು ಸ್ಥಿರ ಶ್ರುತಿಗಳ ಸಿದ್ಧಾಂತಕ್ಕೆ ಅದು ಬೆಂಬಲ ಕೊಡಲಿಲ್ಲ. ದೇವಲ್ಲರ ಲೆಕ್ಕ ಈ ಅರ್ಥದಲ್ಲಿ ಸೋತಿತು. ಆದರೆ ಆ ಲೆಕ್ಕಕ್ಕೆ ಪ್ರೇರಣೆಯಾದ ಅನುಭವ ಸೋಲಲಿಲ್ಲ. ನಿಶ್ಚಲವಾಗಿ ನಿಲ್ಲಿಸಿದ ಗಾಂಧಾರ ತಂಬೂರಿಯ ಸ್ವಯಂಭೂ ಗಾಂಧಾರದಲ್ಲಿ ಕರಗಿ ಒಂದಾಗುವ ಕ್ಷಣ ಇಂದಿಗೂ ಯಾವ ಶ್ರೋತೃವಿಗೂ ನಿಲುಕುವ ಸಂಗತಿಯೇ.

6

1913ರಲ್ಲಿ ಖಾನರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದರು. ತಮ್ಮ ಕಚೇರಿಗಳಿಂದ ಬಂದ ಹಣವನ್ನು ಅದಕ್ಕೆ ಸುರಿದರು. ಮುಂದೆ ಮುಂಬಯಿಯಲ್ಲಿಯೂ ಅದರ ಶಾಖೆ ತೆರೆಯಿತು. ಮಕ್ಕಳಾದ ಸುರೇಶ, ಚಂಪಾ, ಗುಲಾಬ, ಕೃಷ್ಣ, ಸಕೀನಾ ಸಂಗೀತದ ವಾತಾವರಣದಲ್ಲಿಯೇ ಬೆಳೆದರು. ಆದರೆ 1922ರಲ್ಲಿ ತಾರಾಬಾಯಿಯವರು ಮಕ್ಕಳೊಡನೆ ಮನೆಬಿಟ್ಟು ಹೋದರು. ಎರಡು ದಶಕಗಳಿಗೂ ಮೀರಿದ ದಾಂಪತ್ಯ ಮುರಿದುಬಿತ್ತು. ಮಕ್ಕಳು ತಾಯಿಯ ಮನೆತನದ, ಊರಿನ ಹೆಸರುಗಳಲ್ಲಿ ಲೋಕಕ್ಕೆ ಪರಿಚಿತರಾದರು: ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ್, ಕಮಲಾಬಾಯಿ ಬಡೋದೇಕರ್, ಕೃಷ್ಣರಾವ್ ಮಾನೆ. ಕಿರಿಯ ಮಗಳು ಮದುವೆಯ ನಂತರ ಸರಸ್ವತಿ ರಾಣೆಯಾದರು. ತಂದೆಯ ಹೆಸರನ್ನು ಹೊರದ ಮಕ್ಕಳು ತಂದೆಯ ಸ್ವರಲಗಾವನ್ನು ಹೊತ್ತರು. ಹೀರಾಬಾಯಿಯವರ ಒಂದೆರಡು ಸ್ವರ ಕೇಳಿದರೂ ಆ ಸಂಬಂಧ ತಿಳಿಯದೆ ಇರದು.

ಈ ಅಗಲಿಕೆಯ ನಂತರ ಖಾನರ ಸಂಗೀತ ಹೆಚ್ಚು ಅಂತರ್ಮುಖಿಯೂ ಆರ್ತವೂ ಆಯಿತೆಂದು ವಿಮರ್ಶಕರು ಗುರುತಿಸಿದ್ದಾರೆ. ಬದುಕಿಗೂ ಕಲೆಗೂ ಹೀಗೆ ನೇರವಾಗಿ ಗಂಟುಹಾಕುವಾಗ ಎಚ್ಚರ ಬೇಕು. ಅವರ ಧ್ವನಿಯಲ್ಲಿ ಆರ್ತತೆ ಮೊದಲಿನಿಂದಲೂ ಇತ್ತು. 1905ರ ಸುಮಾರಿನ ಧ್ವನಿಮುದ್ರಿಕೆಗಳಲ್ಲಿ ಚುರುಕಾದ ತಾನುಗಳ ಯುವಗಾಯಕನನ್ನೂ, 1930ರ ದಶಕದ ಮುದ್ರಿಕೆಗಳಲ್ಲಿ ಸ್ವರದ ಮೇಲೆ ನಿಲ್ಲಲು ಹೆದರದ ಹಿರಿಯನನ್ನೂ ಕಾಣುತ್ತೇವೆ. ಮೂರು ನಿಮಿಷಗಳ ಆ ತಟ್ಟೆಗಳಲ್ಲಿ ವಿಸ್ತಾರಕ್ಕೆ ಎಡೆಯಿಲ್ಲ. ಆದರೂ ಅವರ ಝಿಂಝೋಟಿಯ ಠುಮರಿ ಅದೇ ಮೂರು ನಿಮಿಷಗಳಲ್ಲಿ ಗದಗ ಸೀಮೆಯ ಬಾಲಕ ಭೀಮಸೇನನ ಮನಸ್ಸನ್ನು ಸೆರೆಹಿಡಿದು, ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಓಡುವಂತೆ ಮಾಡಿತು. ಆ ಬಾಲಕ ಉತ್ತರ ಭಾರತವನ್ನು ಅಲೆದು ಕೊನೆಗೆ ಗುರುವನ್ನು ಕಂಡುಕೊಂಡದ್ದು ತನ್ನ ನೆರೆಯ ಕುಂದಗೋಳದಲ್ಲಿ.

1937ರ ಅಕ್ಟೋಬರಿನಲ್ಲಿ ಖಾನರು ದಕ್ಷಿಣದ ಪ್ರವಾಸದಲ್ಲಿದ್ದರು. ಮದ್ರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಾಗ ದಾರಿಯಲ್ಲಿ ಎದೆನೋವು ಕಾಣಿಸಿಕೊಂಡಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ನಿಲ್ದಾಣದಲ್ಲಿ ಇಳಿದರು. ಫಲಾಟಿನ ಮೇಲೆ ಹಾಸಿದ ಹಾಸಿಗೆಯಲ್ಲಿ ಕುಳಿತು, ತಂಬೂರಿಯ ಶ್ರುತಿಯಲ್ಲಿ, ದರಬಾರಿ ರಾಗದಲ್ಲಿ ದೇವರ ನಾಮಸ್ಮರಣೆ ಮಾಡುತ್ತ ಪ್ರಾಣಬಿಟ್ಟರೆಂದು ಶಿಷ್ಯಪರಂಪರೆ ಹೇಳುತ್ತದೆ. ಅಂದು ಅಕ್ಟೋಬರ್ 27. ಪಾರ್ಥಿವ ಶರೀರವನ್ನು ಮಿರಜಕ್ಕೆ ತಂದು ಅವರ ಪ್ರೀತಿಯ ದರ್ಗಾದ ಆವರಣದಲ್ಲಿ ಮಣ್ಣುಮಾಡಿದರು. ಅವರ ಸ್ಮರಣೆಯ ಸಂಗೀತೋತ್ಸವ ಅಲ್ಲಿ ವರ್ಷವರ್ಷವೂ ನಡೆದು ಬಂದಿದೆ.

ಅವರು ತೀರಿಕೊಂಡು ಮೂರು ವರ್ಷ ತುಂಬುವ ಮೊದಲೇ, 1940ರ ಮಾರ್ಚ್ ತಿಂಗಳಲ್ಲಿ, ಆಕಾಶವಾಣಿಯು ಹಾರ್ಮೋನಿಯಂ ಅನ್ನು ನಿಷೇಧಿಸಿತು. ಆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಪೇಟಿ ಮಾತ್ರ ಎಲ್ಲಿಯೂ ಹೋಗಲಿಲ್ಲ. ಕಿರಾನಾ ಘರಾಣೆಯ ಗಾಯಕರೇ ಅದನ್ನು ಪಕ್ಕದಲ್ಲಿರಿಸಿಕೊಂಡು ಹಾಡಿದರು. ಒಳ್ಳೆಯ ಸಾಥಿದಾರನು ಗಾಯಕ ಸ್ವರದ ಮೇಲೆ ನಿಂತಾಗ ಕೀಲಿಯಿಂದ ಬೆರಳು ತೆಗೆದು ತಂಬೂರಿಗೆ ದಾರಿಬಿಡುವುದನ್ನು ಕಲಿತ. ಗಣಿತದಿಂದ ಬಗೆಹರಿಯದ ಜಗಳ ಹೀಗೆ ಬೈಠಕ್ಕಿನಲ್ಲಿ ಒಂದು ನಡವಳಿಕೆಯಾಗಿ ಇತ್ಯರ್ಥವಾಯಿತು.

ಅಬ್ದುಲ್ ಕರೀಂ ಖಾನರು ಗ್ರಂಥ ಬರೆದವರಲ್ಲ. ಅವರ ಕಂಠವನ್ನು ಅಳೆದವರ ಪುಸ್ತಕಗಳು ಇಂದು ಗ್ರಂಥಾಲಯಗಳ ಮೂಲೆ ಸೇರಿವೆ. ಅವರಿಗಾಗಿ ಕಟ್ಟಿದ ವಾದ್ಯ ಬಳಕೆಯಿಂದ ಮರೆಯಾಗಿದೆ. ಆದರೆ ಅಳತೆಗೆ ಒಡ್ಡಿಕೊಳ್ಳುವ ಧೈರ್ಯ ಮತ್ತು ಅಳತೆಗೆ ಕಟ್ಟುಬೀಳದ ಸ್ವಾತಂತ್ರ್ಯ ಇವೆರಡೂ ಒಬ್ಬ ಕಲಾವಿದನಲ್ಲಿ ಕೂಡಿರಬಹುದು ಎಂಬುದನ್ನು ಅವರ ಬದುಕು ತೋರಿಸಿದೆ. ಜನಪದ ಗೀತೆಗಳನ್ನು ಧ್ವನಿಮುದ್ರಿಸಿ ಪ್ರಸ್ತಾರ ಹಾಕುವ, ಹಾಡುಗಬ್ಬಗಳನ್ನು ಪಠ್ಯವಾಗಿ ಸಂಪಾದಿಸುವ ನಮ್ಮ ಕನ್ನಡ ವಿಭಾಗಗಳ ವಿದ್ಯಾರ್ಥಿಗಳು ಈ ಜೀವನದಿಂದ ಕಲಿಯಬೇಕಾದುದು ಇದೆ. ಲೆಕ್ಕ ಹಾಕುವ ಮೊದಲು ಒಮ್ಮೆ, ಲೆಕ್ಕ ಮುಗಿದ ಮೇಲೆ ಮತ್ತೊಮ್ಮೆ, ಹಾಡನ್ನು ಕೇಳಬೇಕು.